ನಿಮಗಿದು ಗೊತ್ತೆ? ಹೀಲಿಯಂಗೆ ಜಮಖಂಡಿಯ ನಂಟು

ಹುಟ್ಟುಹಬ್ಬದ ಮನೆಯಲ್ಲಿ ಸೂರಿಗೆ ತಾಗುವ ಗ್ಯಾಸ್ ಬಲೂನು, ಆಕಾಶದಲ್ಲಿ ತೇಲುವ ವಾಯುನೌಕೆ, ಎರಡಕ್ಕೂ ನಿಯಮ ಒಂದೇ: ಒಳಗಿನ ಅನಿಲ ಹೊರಗಿನ ಗಾಳಿಗಿಂತ ಹಗುರವಾಗಿರಬೇಕು. ಒಂದು ಘನ ಮೀಟರ್ ಜಲಜನಕ ಸುಮಾರು 1.1 ಕಿಲೋ ಎತ್ತಿದರೆ, ಹೀಲಿಯಂ ಸುಮಾರು 1 ಕಿಲೋ ಎತ್ತುತ್ತದೆ. ಆದರೆ ಜಲಜನಕಕ್ಕೆ ಕಿಡಿ ಸೋಕಿದರೆ ಭಗ್ಗೆನ್ನುತ್ತದೆ. ಹೀಲಿಯಂ ಉರಿಯುವುದೇ ಇಲ್ಲ. ಜಲಜನಕ ತುಂಬಿದ್ದ ಜರ್ಮನಿಯ ಹಿಂಡೆನ್‌ಬರ್ಗ್ ವಾಯುನೌಕೆ 1937ರ ಮೇ 6ರಂದು ಅಮೆರಿಕದಲ್ಲಿ ಇಳಿಯುವಾಗ ಹೊತ್ತಿಕೊಂಡು 36 ಜನ ಸತ್ತರು.

ಈ ಹೀಲಿಯಂನ ಮೊದಲ ಸುಳಿವು ಸಿಕ್ಕಿದ್ದು 1868ರ ಆಗಸ್ಟ್ 18ರ ಸೂರ್ಯಗ್ರಹಣದಲ್ಲಿ. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್, ನಮ್ಮ ಜಮಖಂಡಿಯಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ಹರ್ಷೆಲ್ ಸೂರ್ಯನ ಜ್ವಾಲೆಯ ಬೆಳಕಿನಲ್ಲಿ ಹೊಳೆಯುವ ಬಣ್ಣದ ಗೆರೆಗಳನ್ನು ಕಂಡರು. ಅವುಗಳಲ್ಲೊಂದು ಹೀಲಿಯಂನದು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ.

ಅಂದಹಾಗೆ, ಗ್ಯಾಸ್ ಬಲೂನಿನೊಳಗೆ ಜಲಜನಕವೂ ಇರಬಹುದು. ಕೇಕಿನ ಮೇಣದಬತ್ತಿಯಿಂದ ಅದನ್ನು ದೂರವಿಡಿ.