ಸೆರೆವಾಸಕ್ಕೂ ಚೌಕಾಸಿಯೇ?

ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುತ್ತೇವೆ. ಜವಳಿ ಅಂಗಡಿಯಲ್ಲಿ ಸೀರೆಗೆ ಮಾಡುತ್ತೇವೆ. ಸೆರೆವಾಸದ ವರ್ಷಗಳಿಗೂ ಚೌಕಾಸಿ ಉಂಟೆಂದರೆ ವಾಚಕರಿಗೆ ಸೋಜಿಗವಾದೀತು. ಆದರೆ ಅಮೆರಿಕದ ನ್ಯಾಯಾಲಯಗಳಲ್ಲಿ ಇದು ದಿನನಿತ್ಯದ ವ್ಯವಹಾರ. ಆರೋಪಿಯು ತಪ್ಪೊಪ್ಪಿಕೊಂಡರೆ ಅವನ ಶಿಕ್ಷೆ ಇಳಿಯುತ್ತದೆ. ಸರ್ಕಾರಕ್ಕೆ ವಿಚಾರಣೆಯ ಶ್ರಮ ಉಳಿಯುತ್ತದೆ. ಇದಕ್ಕೆ ಪ್ಲೀ ಬಾರ್ಗೇನಿಂಗ್ ಎಂದು ಹೆಸರು. ರಾಜ್ಯಗಳ ನ್ಯಾಯಾಲಯಗಳಲ್ಲಿ ಅಪರಾಧಿಗಳೆಂದು ನಿರ್ಣೀತರಾದವರ ಪೈಕಿ ನೂರಕ್ಕೆ 94 ಮಂದಿ ತಪ್ಪೊಪ್ಪಿಕೊಂಡವರೇ ಎಂದು ಅಲ್ಲಿನ ಸುಪ್ರೀಂ ಕೋರ್ಟು 2012ರ ತೀರ್ಪೊಂದರಲ್ಲಿ ಹೇಳಿದೆ.

ಇಬ್ಬರಿಗೂ ಲಾಭವಿರುವಾಗ ಅನ್ಯಾಯವೆಲ್ಲಿ ಬಂತು ಎಂದು ಕೇಳಬಹುದು. ಪಾಲ್ ಹೇಯ್ಸ್ ಎಂಬಾತನ ವೃತ್ತಾಂತವನ್ನು ಕೇಳಿ.

ಕೆಂಟಕಿ ರಾಜ್ಯದ ಈತನ ಮೇಲೆ 88 ಡಾಲರ್ 30 ಸೆಂಟುಗಳ ಖೋಟಾ ಚೆಕ್ಕನ್ನು ಚಲಾಯಿಸಿದ ಆರೋಪ ಬಂದಿತು. ಅದಕ್ಕೆ 2ರಿಂದ 10 ವರ್ಷಗಳ ಸೆರೆವಾಸ. ಒಪ್ಪಿಕೊಂಡರೆ 5 ವರ್ಷಗಳ ಶಿಕ್ಷೆ ಸಾಕೆಂದು ಶಿಫಾರಸು ಮಾಡುವುದಾಗಿ ಸರ್ಕಾರಿ ವಕೀಲರು ತಿಳಿಸಿದರು. ಒಪ್ಪದಿದ್ದರೆ, ಹಿಂದಿನ ಎರಡು ಅಪರಾಧಗಳನ್ನೂ ಸೇರಿಸಿ, ರೂಢಿಗತ ಅಪರಾಧಿಯೆಂಬ ಹೊಸ ಆರೋಪ ಹೊರಿಸುವುದಾಗಿ ಎಚ್ಚರಿಸಿದರು. ಹೇಯ್ಸ್ ಒಲ್ಲೆನೆಂದ. ವಿಚಾರಣೆ ನಡೆಯಿತು, ದೊರೆತದ್ದು ಜೀವಾವಧಿ ಶಿಕ್ಷೆ! 1978ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಇದನ್ನು ಎತ್ತಿಹಿಡಿದರು, ನಾಲ್ವರು ಒಪ್ಪಲಿಲ್ಲ.

ಚೆಕ್ಕು ಅದೇ, ಮನುಷ್ಯನೂ ಅವನೇ. 5 ವರ್ಷಗಳೆಲ್ಲಿ, ಜೀವಾವಧಿಯೆಲ್ಲಿ! ನಡುವಣ ಅಂತರವೆಲ್ಲವೂ ವಿಚಾರಣೆಯನ್ನು ಬೇಡಿದ್ದಕ್ಕೆ ತೆತ್ತ ಬೆಲೆ.

ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟು 1980ರಲ್ಲಿ ಇಂತಹ ಚೌಕಾಸಿಯನ್ನು ಖಂಡಿಸಿತ್ತು. ದೀರ್ಘ ವಿಚಾರಣೆಗೆ ಅಂಜಿ ನಿರಪರಾಧಿಯೂ ತಪ್ಪೊಪ್ಪಿಕೊಂಡಾನೆಂಬುದು ಅದರ ಆತಂಕ. ಆದರೂ ಮೊಕದ್ದಮೆಗಳ ರಾಶಿ ಬೆಳೆದು, 2006ರಲ್ಲಿ ಈ ಪದ್ಧತಿ ಕಾನೂನಾಗಿ ಜಾರಿಗೆ ಬಂತು. 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಬೇಲಿಗಳು ಹಲವಿವೆ. 7 ವರ್ಷಗಳಿಗೆ ಮೀರಿದ ಶಿಕ್ಷೆಯ ಅಪರಾಧಗಳಿಗೂ, ಸ್ತ್ರೀಯರು ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೂ ಇದು ಸಲ್ಲದು. ಅರ್ಜಿಯನ್ನು ಆರೋಪಿಯೇ ಸಲ್ಲಿಸಬೇಕು. ನ್ಯಾಯಾಧೀಶರು ಎದುರು ಪಕ್ಷದವರಿಲ್ಲದೆ ಅವನನ್ನು ಪ್ರಶ್ನಿಸಿ, ಸ್ವಂತ ಇಚ್ಛೆಯಿಂದಲೇ ಬಂದಿರುವನೇ ಎಂದು ಅರಿಯಬೇಕು. ನೊಂದವರಿಗೂ ಮಾತುಕತೆಯಲ್ಲಿ ಸ್ಥಾನವುಂಟು.

ಬೇಲಿ ಗಟ್ಟಿಯೇ. ಆದರೆ 2022ರ ಅಂತ್ಯಕ್ಕೆ ನಮ್ಮ ಸೆರೆಮನೆಗಳಲ್ಲಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣೆ ಮುಗಿಯದವರು. ಜಾಮೀನಿಗೆ ಹಣವಿಲ್ಲದೆ ಒಳಗಿರುವ ಕೂಲಿಕಾರನೊಬ್ಬನನ್ನು ನೆನೆಯಿರಿ. ಒಪ್ಪಿಕೊಂಡರೆ ಇಂದೇ ಮನೆ. ನಿರಪರಾಧಿಯೆಂದು ಸಾಧಿಸಲು ಇನ್ನೆಷ್ಟು ವರ್ಷಗಳೋ! ಅತ್ತ ಹೆಂಡತಿ ಮಕ್ಕಳು ಕಾದಿದ್ದಾರೆ. ಅವನು ಒಪ್ಪಿಕೊಂಡರೆ ಅದನ್ನು ಸ್ವಂತ ಇಚ್ಛೆ ಎನ್ನೋಣವೇ?

ತಪ್ಪೊಪ್ಪಿಕೊಂಡವನಿಗೆ ಕರುಣೆ ತೋರುವುದು ಸರಿಯೇ. ಆದರೆ ವಿಚಾರಣೆ ಬೇಗ ಮುಗಿಯುವಂತಿರಬೇಕು. ಬಡವನಿಗೂ ಸಮರ್ಥ ವಕೀಲರ ನೆರವು ದೊರೆಯಬೇಕು. ಒಲ್ಲೆನೆಂದವನಿಗೆ ಆ ಕಾರಣಕ್ಕಾಗಿಯೇ ಹೆಚ್ಚಿನ ದಂಡ ಬೀಳಬಾರದು. ನಿರ್ಭಯವಾಗಿ ಬೇಡವೆನ್ನಬಲ್ಲವನ ಒಪ್ಪಿಗೆಯೇ ನಿಜವಾದ ಒಪ್ಪಿಗೆ.