ಮಣ್ಣಿನ ತೇವಕ್ಕೊಂದು ಅಳತೆಗೋಲು

ಅರಸೀಕೆರೆಯ ತೆಂಗಿನ ತೋಟದಲ್ಲಿ ನೆಟ್ಟ ತೇವಮಾಪಕವೊಂದು ಶೇಕಡ 14 ಎಂದೂ, ಬೇಲೂರಿನ ಕಾಫಿ ತೋಟದಲ್ಲಿ ನೆಟ್ಟ ಇನ್ನೊಂದು ಶೇಕಡ 20 ಎಂದೂ ತೋರಿಸಿದುವೆಂದು ಇಟ್ಟುಕೊಳ್ಳೋಣ. ಬೇಲೂರಿನ ನೆಲದಲ್ಲಿಯೇ ನೀರು ಹೆಚ್ಚೆಂದು ಹೇಳಬಹುದೆ? ಅವಸರಪಡುವಂತಿಲ್ಲ.

ಇಂದು ಹೊಲಗಳಲ್ಲಿ ಬಳಕೆಯಾಗುವ ಮಾಪಕಗಳಲ್ಲಿ ಹೆಚ್ಚಿನವು ನೀರನ್ನು ನೇರವಾಗಿ ಅಳೆಯುವುದಿಲ್ಲ. ಮಣ್ಣಿಗೆ ಚುಚ್ಚಿದ ಎರಡು ಲೋಹದ ಕಡ್ಡಿಗಳು ವಿದ್ಯುತ್ ಧಾರಕದ ಫಲಕಗಳಂತೆ ವರ್ತಿಸುತ್ತವೆ. ನಡುವಣ ಮಣ್ಣು ಪರಾವೈದ್ಯುತ ವಸ್ತುವಾಗುತ್ತದೆ. ಗಾಳಿಯ ಪರಾವೈದ್ಯುತ ಸ್ಥಿರಾಂಕ 1; ಒಣಮಣ್ಣಿನದು 3ರಿಂದ 5; ನೀರಿನದಾದರೋ ಸುಮಾರು 80. ಆದುದರಿಂದ ತೇವ ತುಸು ಏರಿದರೂ ಧಾರಕತೆ ಬಹಳ ಏರುತ್ತದೆ. ಅದನ್ನು ಶೇಕಡ ಲೆಕ್ಕಕ್ಕೆ ತಿರುಗಿಸುವುದು ಉಪಕರಣದೊಳಗೆ ಅಡಕವಾಗಿರುವ ಒಂದು ಸೂತ್ರ. 1980ರಲ್ಲಿ ಕೆನಡದ ಟಾಪ್ ಮತ್ತು ಸಂಗಡಿಗರು ಪ್ರಕಟಿಸಿದ ಇಂಥದೊಂದು ಸೂತ್ರ ಮರಳುಮಿಶ್ರಿತ ಮಣ್ಣಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಕೆರೆಯ ಗೋಡಿನಂಥ ಜೇಡಿಯಲ್ಲಿಯೂ, ಎಲೆಗೊಬ್ಬರ ತುಂಬಿದ ಕಾಫಿ ತೋಟದ ಮಣ್ಣಿನಲ್ಲಿಯೂ ನೀರಿನ ಒಂದು ಭಾಗ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಆ ಅಣುಗಳು ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ಸರಾಗವಾಗಿ ತಿರುಗಲಾರವು. ಹೀಗಾಗಿ ಹಳೇಬೀಡಿನ ಕೆರೆಯ ಗೋಡು ಹರಡಿದ ಹೊಲಕ್ಕೂ ಅರಸೀಕೆರೆಯ ಕೆಂಪು ಮರಳುನೆಲಕ್ಕೂ ಒಂದೇ ಸೂತ್ರ ಸಲ್ಲದು.

ಹಾಗಾದರೆ ತೀರ್ಪು ಕೊಡುವವರು ಯಾರು? ಒಲೆ! ಮಣ್ಣನ್ನು 105ರಿಂದ 110 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬೇಕೆಂಬುದು ಭಾರತೀಯ ಮಾನಕ 2720ರ ಎರಡನೆಯ ಭಾಗದ ವಿಧಿ. 100 ಘನ ಸೆಂಟಿಮೀಟರ್ ಮಣ್ಣು ಹಸಿಯಾಗಿದ್ದಾಗ 160 ಗ್ರಾಂ, ಒಣಗಿದ ಮೇಲೆ 140 ಗ್ರಾಂ ತೂಗಿತೆನ್ನೋಣ. ನೀರು 20 ಗ್ರಾಂ. ಒಣಮಣ್ಣಿನ ತೂಕಕ್ಕೆ ಹೋಲಿಸಿದರೆ ತೇವ ಶೇಕಡ 14. ಗಾತ್ರಕ್ಕೆ ಹೋಲಿಸಿದರೆ ಶೇಕಡ 20. ಮೊದಲು ಕಂಡ ಎರಡು ಸಂಖ್ಯೆಗಳೂ ಒಂದೇ ಹಿಡಿ ಮಣ್ಣಿನವಾಗಿರಬಹುದು!

ಮಾಪನಾಂಕ ನಿರ್ಣಯದ ಕ್ರಮ ಎಲ್ಲೆಡೆ ಒಂದೇ ಆಗಿರಬೇಕಾದುದು ಇದಕ್ಕಾಗಿ. ಮೊದಲು ಪ್ರತಿಯೊಂದು ಮಾಪಕವನ್ನೂ ಗಾಳಿಯಲ್ಲಿಯೂ ನೀರಿನಲ್ಲಿಯೂ ಇಟ್ಟು ನೋಡಬೇಕು. ಒಂದೇ ಕಾರ್ಖಾನೆಯವೂ ತುಸು ಭಿನ್ನವಾಗಿ ನುಡಿಯುವುದುಂಟು. ಬಳಿಕ ಆಯಾ ಹೊಲದ ಮಣ್ಣನ್ನು ಹೊಲದಲ್ಲಿದ್ದಷ್ಟೇ ಸಾಂದ್ರತೆಗೆ ಪಾತ್ರೆಯಲ್ಲಿ ಅಡಕಿ, ಐದಾರು ತೇವಮಟ್ಟಗಳಲ್ಲಿ ಮಾಪಕದ ಓದನ್ನು ಒಲೆಯ ಫಲದೊಡನೆ ಹೋಲಿಸಿ ವಕ್ರರೇಖೆ ಎಳೆಯಬೇಕು. ಅಡಕುವುದೇ ಕಷ್ಟದ ಕೆಲಸ: ಕಡ್ಡಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಮಾಪಕ ಗಾಳಿಯನ್ನೇ ಅಳೆಯತೊಡಗುತ್ತದೆ. ಉಷ್ಣತೆಯನ್ನೂ ಮಣ್ಣಿನ ಲವಣಾಂಶವನ್ನೂ ಬರೆದಿಡಬೇಕು.

ಇಷ್ಟೆಲ್ಲ ಶ್ರಮವೇಕೆ? ಗಾತ್ರದ ಲೆಕ್ಕದಲ್ಲಿ ಶೇಕಡ 5ರ ತಪ್ಪೆಂದರೆ, ಅರ್ಧ ಮೀಟರ್ ಆಳದ ಮಣ್ಣಿನಲ್ಲಿ 25 ಮಿಲಿಮೀಟರ್ ನೀರು. ಎಕರೆಗೆ ಸುಮಾರು 1 ಲಕ್ಷ ಲೀಟರ್. ಕೊಳವೆಬಾವಿಯನ್ನು ನಂಬಿದ ಅರಸೀಕೆರೆಯ ತೋಟದಲ್ಲಿ, ಮಾಪಕದ ಮಾತಿನಂತೆ ತಾನಾಗಿ ತೆರೆದು ಮುಚ್ಚುವ ನೀರಿನ ಕವಾಟ ಈ ತಪ್ಪನ್ನು ಪ್ರತಿ ಸರದಿಯಲ್ಲಿಯೂ ಮಾಡುತ್ತ ಹೋಗಬಹುದು.