ವಿಮಾನ ಬಿದ್ದರೂ ಜೀವ ಉಳಿದದ್ದು ಹೇಗೆ?

2015ರ ಮಾರ್ಚ್ 5ರಂದು ಅಮೆರಿಕದ ಸಾಂತಾ ಮೋನಿಕಾ ವಿಮಾನ ನಿಲ್ದಾಣದಿಂದ ಒಂದು ಪುಟ್ಟ ವಿಮಾನ ಮೇಲೇರಿತು. ಅದು 1942ರಲ್ಲಿ ತಯಾರಾದ, ಮಹಾಯುದ್ಧ ಕಾಲದ ತರಬೇತಿ ವಿಮಾನ. ನಡೆಸುತ್ತಿದ್ದವರು ಚಿತ್ರನಟ ಹ್ಯಾರಿಸನ್ ಫೋರ್ಡ್. ಆಗ ಅವರಿಗೆ 72 ವರ್ಷ. ಸ್ವಲ್ಪ ಹೊತ್ತಿಗೇ ಇಂಜಿನ್ ಕೈಕೊಟ್ಟಿತು. ನಿಲ್ದಾಣಕ್ಕೆ ಮರಳಲು ಆಗದೆಂದು ಕಂಡಾಗ ಅವರು ಹತ್ತಿರದ ಗಾಲ್ಫ್ ಮೈದಾನದತ್ತ ತಿರುಗಿದರು. ವಿಮಾನ ಮರದ ತುದಿಗೆ ತಾಗಿ ನೆಲಕ್ಕೆ ಅಪ್ಪಳಿಸಿತು. ಸೊಂಟದ ಮೂಳೆ ಮತ್ತು ಪಾದದ ಕೀಲು ಮುರಿದವು, ತಲೆಗೆ ಗಾಯವಾಯಿತು. ಆದರೂ ಅವರು ಬದುಕಿದರು.

ಜೋಯಿಡಾ, ದಾಂಡೇಲಿಯ ಕಾಡಿನಂಚಿನಲ್ಲಿರುವ ನಮಗೆ ಈ ಕತೆ ಏಕೆ ಎಂದು ನೀವು ಕೇಳಬಹುದು. ನಮ್ಮ ನೆರೆಯ ಬೆಳಗಾವಿಯಲ್ಲೂ 2023ರ ಮೇ 30ರಂದು ಒಂದು ತರಬೇತಿ ವಿಮಾನ ಸಾಂಬ್ರಾ ನಿಲ್ದಾಣದ ಸಮೀಪ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಬೇಕಾಯಿತು. ಅದರಲ್ಲಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಆದರೆ ನಾನು ಇದನ್ನು ಬರೆಯುವ ಕಾರಣ ಬೇರೆ. ವಿಮಾನದೊಂದಿಗೆ ನೆಲಕ್ಕೆ ಬಿದ್ದವರಿಗೆ, ಅಣಶಿ ಘಟ್ಟದಲ್ಲಿ ಉರುಳಿದ ಜೀಪಿನಲ್ಲಿದ್ದವರಿಗೆ, ಹಳಿಯಾಳದ ಕಬ್ಬಿನ ಟ್ರ್ಯಾಕ್ಟರ್‌ನಿಂದ ಬಿದ್ದವರಿಗೆ ಆಗುವ ಪೆಟ್ಟಿನ ಸ್ವಭಾವ ಒಂದೇ. ಅವರನ್ನು ಉಳಿಸುವ ಕ್ರಮವೂ ಒಂದೇ.

ಪೆಟ್ಟು ಹೇಗೆ ಬೀಳುತ್ತದೆ?

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ನಿಮಗೆ ಏನೂ ಆಗುವುದಿಲ್ಲ. ಆ ವೇಗ ಥಟ್ಟನೆ ನಿಂತಾಗ ಅಪಾಯ. ಅದೇ ವಾಹನ 10 ಮೀಟರ್ ಉಜ್ಜಿಕೊಂಡು ಹೋಗಿ ನಿಂತರೆ ದೇಹದ ಮೇಲೆ ಬೀಳುವ ಒತ್ತಡ ನಮ್ಮ ತೂಕದ ಸುಮಾರು 4 ಪಟ್ಟು. ಬಂಡೆಗೆ ಬಡಿದು 1 ಮೀಟರಿನೊಳಗೆ ನಿಂತರೆ ಸುಮಾರು 40 ಪಟ್ಟು. ಇಂಜಿನ್ ನಿಂತ ವಿಮಾನವನ್ನು ಚಾಲಕರು ಬಯಲು, ಹೊಲ ಹುಡುಕಿ ಇಳಿಸುವುದು ಇದಕ್ಕೇ.

ದೇಹ ಎಷ್ಟು ತಡೆದೀತು? ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟಾಪ್ ತಮ್ಮ ಮೇಲೇ ಇದನ್ನು ಪ್ರಯೋಗಿಸಿದರು. 1954ರಲ್ಲಿ ರಾಕೆಟ್ ಕಟ್ಟಿದ ಗಾಡಿಯಲ್ಲಿ ಕುಳಿತು, ಗಂಟೆಗೆ 1,000 ಕಿಲೋಮೀಟರಿಗೂ ಮಿಕ್ಕಿದ ವೇಗದಿಂದ ಒಂದೂವರೆ ಸೆಕೆಂಡಿನೊಳಗೆ ನಿಂತರು. ತೂಕದ 46 ಪಟ್ಟು ಒತ್ತಡ ಬಿತ್ತು. ಕಣ್ಣಿನಲ್ಲಿ ರಕ್ತ ಒಡೆದು ಸ್ವಲ್ಪ ಕಾಲ ದೃಷ್ಟಿ ಮಂಕಾಯಿತು, ಆಮೇಲೆ ಸರಿಹೋಯಿತು. ಅವರು 89 ವರ್ಷ ಬದುಕಿದರು. ಅವರನ್ನು ಉಳಿಸಿದ್ದು ಮೈಯನ್ನು ಆಸನಕ್ಕೆ ಬಿಗಿದ ಪಟ್ಟಿಗಳು.

ಫೋರ್ಡ್ ಅವರ ವಿಮಾನದಲ್ಲಿ ಭುಜದ ಪಟ್ಟಿಯನ್ನು ಸರಿಯಾಗಿ ಅಳವಡಿಸಿರಲಿಲ್ಲ. ಅದರಿಂದಲೇ ಗಾಯ ಹೆಚ್ಚಾಯಿತೆಂದು ತನಿಖಾಧಿಕಾರಿಗಳು ಹೇಳಿದರು. ನಿಮ್ಮ ಕಾರಿನ ಬೆಲ್ಟನ್ನು ಒಮ್ಮೆ ನೆನೆಯಿರಿ. ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಮೇಲಿನದು ಭುಜ ಮತ್ತು ಎದೆಯ ಮೇಲೆ ಹಾಯಬೇಕು; ಕಂಕುಳಡಿ ತೂರಿಸಬಾರದು. ಗರ್ಭಿಣಿಯರು ಕೆಳಪಟ್ಟಿಯನ್ನು ಹೊಟ್ಟೆಯ ಕೆಳಗೆ ಹಾಕಿಕೊಳ್ಳಬೇಕು. ಹಿಂದೆ ಕುಳಿತವರಿಗೂ ಬೆಲ್ಟ್ ಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಅಪಘಾತದಲ್ಲಿ ನಿಮ್ಮ ತೋಳು ಅದನ್ನು ಹಿಡಿದು ನಿಲ್ಲಿಸಲಾರದು.

ಮೊದಲ ಹತ್ತು ನಿಮಿಷ

ಫೋರ್ಡ್ ಅವರ ಪುಣ್ಯಕ್ಕೆ ಆ ಮೈದಾನದಲ್ಲಿ ಬೆನ್ನುಮೂಳೆಯ ಶಸ್ತ್ರವೈದ್ಯರೊಬ್ಬರು ಆಡುತ್ತಿದ್ದರು. ಇಂಧನ ಸೋರುತ್ತಿದ್ದುದರಿಂದ ಬೆಂಕಿಯ ಭಯವಿತ್ತು; ಅವರು ಇತರರ ನೆರವಿನಿಂದ ಗಾಯಾಳುವನ್ನು ಹೊರಗೆ ತೆಗೆದರು. ನಮ್ಮ ಕಡೆ ಅಂಥ ವೈದ್ಯರು ಪಕ್ಕದಲ್ಲಿರುವುದಿಲ್ಲ. ಪಕ್ಕದಲ್ಲಿರುವವರು ನೀವು.

ನಮ್ಮ ಜನರ ಮನಸ್ಸು ದೊಡ್ಡದು, ಬಿದ್ದವರನ್ನು ಕಂಡರೆ ಓಡಿಬರುತ್ತಾರೆ. ಆದರೆ ಒಬ್ಬರು ಕೈ, ಒಬ್ಬರು ಕಾಲು ಹಿಡಿದು ಎತ್ತಿ ಜೀಪಿನ ಹಿಂಬದಿಯಲ್ಲಿ ಮುದುಡಿ ಕೂರಿಸುತ್ತಾರೆ. ಬೆನ್ನುಮೂಳೆ ಮುರಿದಿದ್ದರೂ ಒಳಗಿನ ಬೆನ್ನುಹುರಿ ಎಷ್ಟೋ ಸಲ ಉಳಿದಿರುತ್ತದೆ. ಹೀಗೆ ಬಗ್ಗಿಸಿ ಎತ್ತಿದಾಗ ಮುರಿದ ಮೂಳೆ ಸರಿದು ಹುರಿಗೆ ಪೆಟ್ಟಾಗಬಹುದು. ಆಮೇಲೆ ಕಾಲಿನ ಶಕ್ತಿ ಜನ್ಮಪೂರ್ತಿ ಬಾರದಿರಬಹುದು. ಆದ್ದರಿಂದ ಈ ಕ್ರಮ ನೆನಪಿಡಿ:

1. ಬೆಂಕಿ, ನೀರು ಅಥವಾ ಓಡಾಡುವ ವಾಹನಗಳ ಅಪಾಯವಿದ್ದರೆ ಕೂಡಲೇ ಹೊರತೆಗೆಯಿರಿ. ಇಲ್ಲದಿದ್ದರೆ ಅಲುಗಿಸಬೇಡಿ, 108ಕ್ಕೆ ಫೋನ್ ಮಾಡಿ.

2. ಉಸಿರಾಟ ನೋಡಿ. ಬಾಯಲ್ಲಿ ಕಾಣುವ ಮಣ್ಣು, ರಕ್ತ ಒರೆಸಿ. ರಕ್ತ ಸುರಿಯುವಲ್ಲಿ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ.

3. ಒಬ್ಬರು ತಲೆಯ ಎರಡೂ ಬದಿ ಹಿಡಿದು ಕತ್ತು ಅಲುಗದಂತೆ ನೋಡಿಕೊಳ್ಳಲಿ. ವಾಂತಿ ಬಂದರೆ ತಲೆ, ಭುಜ, ಸೊಂಟ ಒಂದೇ ಸಾಲಿನಲ್ಲಿರುವಂತೆ ಇಡೀ ಮೈಯನ್ನು ಮರದ ದಿಮ್ಮಿಯಂತೆ ಮಗ್ಗುಲಿಗೆ ಹೊರಳಿಸಿ.

4. ಆಂಬುಲೆನ್ಸ್ ಬರಲಾಗದ ಜಾಗವಾದರೆ ಬಾಗಿಲು ಅಥವಾ ಅಗಲವಾದ ಹಲಗೆಯ ಮೇಲೆ ಮಲಗಿಸಿ ಸಾಗಿಸಿ.

5. ಸೊಂಟ ನೋವೆಂದರೆ ಕೂರಿಸಬೇಡಿ, ನಡೆಸಬೇಡಿ. ಸೊಂಟದ ಮೂಳೆ ಮುರಿದರೆ ಒಂದು ಹನಿಯೂ ಹೊರಗೆ ಕಾಣದೆ ಲೀಟರುಗಟ್ಟಲೆ ರಕ್ತ ಒಳಗೇ ಹರಿಯಬಹುದು. ವಯಸ್ಕರ ಮೈಯಲ್ಲಿರುವುದೇ ಸುಮಾರು 5 ಲೀಟರ್.

6. ನೀರು, ಚಹಾ ಕುಡಿಸಬೇಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಪ್ರಜ್ಞೆ ಸರಿಯಿಲ್ಲದವರಿಗೆ ಅದು ಶ್ವಾಸನಾಳಕ್ಕೂ ಹೋದೀತು.

ಪೊಲೀಸ್, ಕೋರ್ಟು ಎಂದು ಹಿಂಜರಿಯಬೇಡಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳುವಂತೆಯೂ ಅವರನ್ನು ಒತ್ತಾಯಿಸುವಂತಿಲ್ಲ.

'ಏನೂ ಆಗಿಲ್ಲ' ಎನ್ನುವವರು

ಎದ್ದು ಮೈ ಕೊಡವಿ 'ದೇವರು ದೊಡ್ಡವನು, ಏನೂ ಆಗಿಲ್ಲ' ಎಂದು ಮನೆಗೆ ಹೊರಡುವವರ ಬಗ್ಗೆ ನನಗೆ ಹೆಚ್ಚು ಚಿಂತೆ. ಹೆದರಿಕೆಯಲ್ಲಿ ನೋವು ಸ್ವಲ್ಪ ಹೊತ್ತು ತಿಳಿಯುವುದಿಲ್ಲ. ಬಿದ್ದ ಗಳಿಗೆಯ ನೆನಪೇ ಇಲ್ಲದಿದ್ದರೆ ಮಿದುಳಿಗೆ ಪೆಟ್ಟಾಗಿದೆ ಎಂದೇ ತಿಳಿಯಿರಿ. ಫೋರ್ಡ್ ಅವರಿಗೂ ಹಾಗೇ ಆಗಿತ್ತು. ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮ ಸೀಳಿದ್ದರೆ ಲಕ್ಷಣ ಗಂಟೆಗಳ, ಕೆಲವೊಮ್ಮೆ ದಿನಗಳ ನಂತರ ಕಂಡೀತು.

ಇಂಥವರನ್ನೂ ಅದೇ ದಿನ ವೈದ್ಯರಿಗೆ ತೋರಿಸಿ. ಮನೆಗೆ ಬಂದ ಮೇಲೂ ಎರಡು ದಿನ ಒಬ್ಬರು ಜೊತೆಗಿರಲಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಕಿವಿ ಅಥವಾ ಮೂಗಿನಿಂದ ನೀರಿನಂಥ ದ್ರವ, ಹೊಟ್ಟೆನೋವು, ಪೆಟ್ಟಿಲ್ಲದ ಎಡಭುಜದಲ್ಲಿ ನೋವು, ಕೆಂಪು ಮೂತ್ರ, ತಲೆಸುತ್ತು, ಕೈಕಾಲು ಜೋಮು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಿ. ನಮ್ಮ ತಾಲೂಕುಗಳಿಂದ ಹುಬ್ಬಳ್ಳಿ, ಬೆಳಗಾವಿಗೆ ದಾರಿ ದೂರ. ಕಾದು ಕಳೆದ ಹೊತ್ತಿನ ಮೇಲೆ ಆ ದಾರಿಯ ಹೊತ್ತೂ ಸೇರುತ್ತದೆ.

ಬೀಳುವುದು ನಮ್ಮ ಕೈಯಲ್ಲಿಲ್ಲ. ಹೊರಡುವ ಮುನ್ನ ಬೆಲ್ಟ್ ಬಿಗಿದುಕೊಳ್ಳುವುದು ಮತ್ತು ಬಿದ್ದವರನ್ನು ತಿಳಿದು ಎತ್ತುವುದು ನಮ್ಮ ಕೈಯಲ್ಲಿದೆ. ಇದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.